ಒಣ ಪ್ಲಗ್

ಪಾನಾ ಜಾರಿತು, ಕಬ್ಬಿಣಕ್ಕೆ ಕಬ್ಬಿಣ ಉಜ್ಜಿದ ಆ ಸದ್ದು ಶೆಡ್ಡಿನ ಬಾಗಿಲಲ್ಲಿ ಕೂತಿದ್ದ ಅವಳ ಹಲ್ಲಿನ ಬೇರಿಗೇ ಹೋಗಿ ನಾಟಿತು, ಮತ್ತೆ ಜಾರಿತು, ಇವರ ಕೈಯಲ್ಲಿ ಪಾನಾ ಜಾರುವುದೆಂದರೆ ಏನು, ಮದುವೆಯಾಗಿ ಇಪ್ಪತ್ತೆಂಟು ವರ್ಷ, ಈ ಶೆಡ್ಡಿನಲ್ಲಿ ಅಂಥ ಸದ್ದನ್ನು ಅವಳು ಕೇಳಿದವಳೇ ಅಲ್ಲ, ಗಿರಾಕಿಗಳು ಮುಟ್ಟಿದಾಗ ಬಿಟ್ಟರೆ — ಏ ಏ, ಹಾಗಲ್ಲ ಹಿಡಿಯೋದು, ಮೂಲೆ ಸವೆದುಹೋಗುತ್ತೆ, ಕೊಡಿ ಇಲ್ಲಿ — ಎಂದು ಅವರ ಕೈಯಿಂದ ಕಿತ್ತುಕೊಳ್ಳುತ್ತಿದ್ದ ಮನುಷ್ಯ ಈಗ ಪ್ಲಗ್ ಬಿಚ್ಚುವ ಪಾನಾವನ್ನು ಊಟದ ಚಮಚ ಹಿಡಿದಂತೆ ಹಿಡಿದಿದ್ದಾರೆ, ಬೇಡ, ಅತ್ತ ನೋಡಬಾರದು, ನೋಡಿದರೆ ತನ್ನ ಕೈ ತಾನಾಗಿ ಮುಂದೆ ಹೋಗುತ್ತದೆ, ಮುಂದೆ ಹೋದರೆ ಮುಗಿಯಿತು, ಇವತ್ತು ಎಲ್ಲವನ್ನೂ ಇವರೇ ಮಾಡಬೇಕು, ಕಂಡುಹಿಡಿಯುವುದೂ ಇವರೇ, ಸರಿ ಮಾಡುವುದೂ ಇವರೇ, ಮಷೀನಿನ ಹಗ್ಗ ಎಳೆಯುವುದೂ ಇವರೇ, ಹಾಗೆಂದು ಅವಳೇ ತಮ್ಮನಿಗೆ ಮಾತು ಕೊಟ್ಟಿದ್ದಾಳೆ, ಮೂರು ಗಂಟೆಗೆ ನೀನು ಕಾರು ತಗೊಂಡು ಬಾ, ಅಷ್ಟರೊಳಗೆ ನಿಮ್ಮ ಭಾವ ಹುಲ್ಲು ಕತ್ತರಿಸೋ ಮಷೀನು ಸ್ಟಾರ್ಟ್ ಮಾಡಿದ್ರೆ ಸುಮ್ನೆ ಒಂದು ಲೋಟ ಟೀ ಕುಡಿದು ವಾಪಸ್ ಹೋಗು, ಮಾಡದಿದ್ರೆ, ಮಾಡದಿದ್ರೆ ಏನಕ್ಕಾ, ಮಾಡದಿದ್ರೆ ಕರ್ಕೊಂಡು ಹೋಗು. ಈಗ ಹನ್ನೆರಡೂವರೆ. ಒಳಗೆ ಮಂಚದ ಮೇಲೆ ಚೀಲ ತುಂಬಿ ಇಟ್ಟಿದೆ, ಆರು ಅಂಗಿ, ಆರು ಪ್ಯಾಂಟು, ಪ್ರತಿಯೊಂದರ ಒಳಮಡಿಕೆಯಲ್ಲೂ ಇವರ ಹೆಸರು ಹೊಲಿದದ್ದು, ಆರೈಕೆ ಮನೆಯ ಹೆಂಗಸು ಫೋನಿನಲ್ಲಿ ಹೇಳಿದ ಹಾಗೆ, ಬಟ್ಟೆ ಎಲ್ಲಾ ಒಟ್ಟಿಗೆ ಒಗೀತಾರಮ್ಮಾ, ಹೆಸರಿಲ್ಲದಿದ್ರೆ ಅದಲುಬದಲಾಗುತ್ತೆ, ಅದಲುಬದಲಾಗುವುದು ಬಟ್ಟೆ ಮಾತ್ರವೇ ಎಂದು ಕೇಳಬೇಕೆನಿಸಿತ್ತು, ಹೊಲಿದಳು, ಹನ್ನೆರಡು ಸಲ ಆ ಹೆಸರನ್ನು ದಾರದಲ್ಲಿ ಬರೆದಳು, ಇಪ್ಪತ್ತೆಂಟು ವರ್ಷ ರೀ ಎಂದೇ ಕರೆದವಳಿಗೆ ಆ ಹೆಸರು ಯಾರೋ ಬೇರೆಯವರದ್ದು ಅನ್ನಿಸುತ್ತಿತ್ತು.

ಮಷೀನು ಕೆಡಿಸಿದವಳು ಅವಳೇ. ನಿನ್ನೆ ಮಧ್ಯಾಹ್ನ ಇವರು ಮಲಗಿದ್ದಾಗ ಇಲ್ಲಿಗೆ ಬಂದು ಟ್ಯಾಂಕಿನ ಕೆಳಗಿನ ಪೆಟ್ರೋಲ್ ಟ್ಯಾಪನ್ನು ಅರ್ಧ ಸುತ್ತು ತಿರುಗಿಸಿ ಮುಚ್ಚಿ, ಹಗ್ಗ ಎಳೆದು ಎಂಜಿನ್ನು ಶುರುಮಾಡಿ, ಕಾರ್ಬುರೇಟರಿನಲ್ಲಿ ಉಳಿದಿದ್ದ ಹನಿ ಪೆಟ್ರೋಲು ಉರಿದು ಮುಗಿಯುವವರೆಗೂ ಪಕ್ಕದಲ್ಲೇ ನಿಂತಿದ್ದಳು, ಅದು ಜೋರಾಗಿ ಓಡಿತು, ಆಮೇಲೆ ಸ್ವರ ಏರಿತು, ತಡವರಿಸಿತು, ಕೆಮ್ಮಿತು, ಸುಮ್ಮನಾಯಿತು, ಅಷ್ಟೂ ಹೊತ್ತು ಅವಳ ಕಿವಿ ಮನೆಯ ಕಡೆಗೇ ನಿಮಿರಿತ್ತು, ಈಗ ಎದ್ದು ಬರುತ್ತಾರೆ, ಈಗ ಚಪ್ಪಲಿ ಸದ್ದಾಗುತ್ತದೆ, ಮೂರು ಬೀದಿಯಾಚೆ ಯಾರಾದರೂ ಮಷೀನು ಓಡಿಸಿದರೆ ಮಲಗಿದ್ದಲ್ಲೇ ಒಂದು ಕಣ್ಣು ತೆರೆದು — ಅದಕ್ಕೆ ಗಾಳಿ ಸಾಲ್ತಾ ಇಲ್ಲ ಕಣೇ, ಇನ್ನು ಎರಡು ದಿನ, ಆಮೇಲೆ ನಮ್ಮ ಬಾಗಿಲಿಗೇ ಬರುತ್ತೆ ನೋಡು — ಎನ್ನುತ್ತಿದ್ದವರು, ಎರಡು ದಿನಕ್ಕೆ ಸರಿಯಾಗಿ ಅದೇ ಮಷೀನು ಬಾಗಿಲಿಗೆ ಬಂದೂ ಬಿಡುತ್ತಿತ್ತು, ಕಿವಿ ಮೇಸ್ತ್ರಿ ಎಂದು ಬೀದಿಗೆಲ್ಲ ಹೆಸರು, ಡಾಕ್ಟರಿಗಾದರೂ ಎದೆಗೆ ಕೊಳವೆ ಇಡಬೇಕು, ಇವರಿಗೆ ಅದೂ ಬೇಡ ಎಂದು ಜನ ತಮಾಷೆ ಮಾಡುತ್ತಿದ್ದರು — ನಿನ್ನೆ ತಲೆಯ ಹತ್ತಿರದ ಗೋಡೆಯ ಆಚೆಗೇ ಎಂಜಿನ್ನು ನಾಲ್ಕು ನಿಮಿಷ ಬಡಿದುಕೊಂಡಿತು, ಇವರು ಏಳಲಿಲ್ಲ. ಅವಳು ಒಳಗೆ ಹೋಗಿ ನೋಡಿದಳು, ಕಣ್ಣು ತೆರೆದೇ ಇತ್ತು, ಸೂರಿನ ಕಡೆ ನೋಡುತ್ತಿದ್ದರು.

ಕೆಡಿಸುವ ಈ ಆಟ ಶುರುವಾಗಿದ್ದು ಡಾಕ್ಟರ ಮಾತಿನಿಂದ, ಕೈಗೆ ಗೊತ್ತಿರೋ ಕೆಲಸ ಕೊಡ್ತಾ ಇರಿ ಅಮ್ಮಾ, ತಲೆ ಮರೆತಿದ್ದನ್ನ ಕೈ ಇನ್ನೊಂದಷ್ಟು ದಿನ ಇಟ್ಕೊಂಡಿರುತ್ತೆ, ಸರಿ, ಕೊಡೋಣವೆಂದರೆ ಎಲ್ಲಿಯ ಕೆಲಸ, ಆ ಹೊತ್ತಿಗೆ ಗಿರಾಕಿಗಳು ಒಬ್ಬೊಬ್ಬರಾಗಿ ಜಾರಿಕೊಂಡಿದ್ದರು, ಮರ ಕೊಯ್ಯುವ ಮಷೀನನ್ನು ಸರಪಳಿಯಿಲ್ಲದೆ ವಾಪಸು ಕೊಟ್ಟ ಮೇಲೆ ಯಾರು ಬರುತ್ತಾರೆ, ಪಾಪ, ಬೈಯಲಿಲ್ಲ ಯಾರೂ, ಹುಷಾರಾಗಲಿ ಆಮೇಲೆ ತರ್ತೀವಿ ಎಂದರು, ಹಾಗಾಗಿ ಮನೆಯ ಮಷೀನನ್ನೇ ದಿನವೂ ಒಂದಿಷ್ಟು ಕೆಡಿಸಿ ಇಡುವುದೆಂದು ಅವಳೇ ತಲೆ ಓಡಿಸಿದ್ದು. ಮೊದಲ ದಿನ ಪ್ಲಗ್ಗಿನ ತಲೆಯ ಟೊಪ್ಪಿ ಕಿತ್ತಿಟ್ಟಳು, ಇವರು ಕೂರುವ ಮೊದಲೇ ಕಂಡುಹಿಡಿದು ಟಪ್ಪೆಂದು ಹಾಕಿದರು, ಯಾರೋ ಬೇಕಂತ ಮಾಡಿದ ಹಾಗಿದೆ ಕಣೇ, ಇಲಿ ಇರಬೇಕು ರೀ, ಇಲಿಗೆ ಅಷ್ಟು ಬುದ್ಧಿ ಇದ್ರೆ ಹಿಡ್ಕೊಂಡು ಬಾ, ಕೆಲಸಕ್ಕೆ ಇಟ್ಕೊಳ್ಳೋಣ, ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು, ಅವಳ ನಗುವಿನಲ್ಲಿ ಅಳುವೂ ಇತ್ತು, ಇವರಿಗೆ ತಿಳಿಯಲಿಲ್ಲ. ಎರಡನೆಯ ವಾರ ಪ್ಲಗ್ಗಿನ ತುದಿಯನ್ನು ಮೆಟ್ಟಿಲಿಗೆ ಕುಟ್ಟಿ ಸಂದಿ ಮುಚ್ಚಿಸಿದಳು, ಬೆಳಕಿಗೆ ಹಿಡಿದು ನೋಡಿ ಚಾಕುವಿನ ಬೆನ್ನಿನಿಂದ ಬಿಡಿಸಿದರು, ಗಾಳಿ ಹೋಗುವ ಡಬ್ಬಿಗೆ ಹಳೆ ಬಟ್ಟೆ ತುರುಕಿದಳು, ಉಸಿರು ಕಟ್ತಾ ಇದೆ ಇದಕ್ಕೆ ಎಂದು ಎಳೆದು ಬಿಸಾಡಿದರು, ಅವಳಿಗೆ ಉಮೇದು ಬಂದುಬಿಟ್ಟಿತು, ಕೆಡಿಸುವುದರಲ್ಲಿ ತನ್ನನ್ನು ಬಿಟ್ಟರಿಲ್ಲ ಎನ್ನುವಷ್ಟು, ರಾತ್ರಿ ಮಲಗಿದರೂ ನಾಳೆ ಏನು ಕೆಡಿಸಲಿ ಎಂಬುದೇ ಯೋಚನೆ, ಆಮೇಲೆ — ಯಾವಾಗಿನಿಂದ ಆಮೇಲೆ — ಒಂದು ತಪ್ಪು ಕಂಡುಹಿಡಿಯಲು ಗಂಟೆ ಹಿಡಿಯಿತು, ಆಮೇಲೆ ಇಡೀ ದಿನ, ಆಮೇಲೆ ಬಿಚ್ಚಿದ್ದು ಮತ್ತೆ ಕೂಡಲಿಲ್ಲ, ಕಾರ್ಬುರೇಟರಿನ ಸಣ್ಣ ಹಿತ್ತಾಳೆ ತಿರುಪು ಒಗೆಯುವಾಗ ಇವರ ಅಂಗಿಯ ಜೇಬಿನಲ್ಲಿ ಸಿಕ್ಕಿತು, ಒಂದು ದಿನ ಅವಳು ಧೈರ್ಯ ಮಾಡಿ ಮೊದಲ ದಿನದ್ದೇ ಆಟ ಹೂಡಿದಳು, ಪ್ಲಗ್ಗಿನ ಟೊಪ್ಪಿ, ಎದುರಿಗೇ ನೇತಾಡುತ್ತಿದ್ದ ಟೊಪ್ಪಿ, ಇವರು ಅದನ್ನು ಕೈಯಿಂದ ಪಕ್ಕಕ್ಕೆ ಸರಿಸಿ ಬ್ಲೇಡು ಬಿಚ್ಚಲು ಕೂತರು. ನೀರು ಕುಡಿಯಲು ಎದ್ದು ಹೋದಾಗ ಟೊಪ್ಪಿಯನ್ನು ಅವಳೇ ಹಾಕಿದಳು, ಬಂದು ಹಗ್ಗ ಎಳೆದರು, ಶುರುವಾಯಿತು, ನೋಡಿದ್ಯಾ ಎಂದರು, ನೋಡಿದೆ ರೀ ಎಂದಳು. ಅಂದು ತಮ್ಮನಿಗೆ ಫೋನು ಮಾಡಿ ಭಾವ ಇವತ್ತೂ ಸರಿ ಮಾಡಿದ್ರು ಎಂದು ಹೇಳಿದಳು.

ಆ ಸುಳ್ಳು ಇನ್ನೂ ಎಷ್ಟು ದಿನ ಬಾಳುತ್ತಿತ್ತೋ, ಒಲೆ ಬಾಳಗೊಡಲಿಲ್ಲ. ಅವಳು ಹಾಲು ಇಟ್ಟಿದ್ದಳು, ಇವರು ಮೆಲ್ಲಗೆ ಅಡುಗೆಮನೆಗೆ ಬಂದರು, ಕೈಯಲ್ಲಿ ಒಂದು ಬಟ್ಟಲು, ಬಟ್ಟಲಲ್ಲಿ ಪ್ಲಗ್ಗು ಮುಳುಗಿದೆ, ತೊಳೀಬೇಕು ಇದನ್ನ ಎಂದರು, ಪೆಟ್ರೋಲಿನ ವಾಸನೆ ಮೂಗಿಗೆ ಬರುವಷ್ಟರಲ್ಲಿ ಬಟ್ಟಲು ಒಲೆಯ ಪಕ್ಕದಲ್ಲಿತ್ತು, ಮುಂದಿನದು ಕಣ್ಣಿಗೆ ಕಂಡದ್ದಕ್ಕಿಂತ ಕೈಗೆ ಗೊತ್ತಾದದ್ದೇ ಹೆಚ್ಚು, ಅವಳ ಬಲಗೈ ಮೊಣಕೈವರೆಗೆ, ಕಿಟಕಿಯ ಪರದೆ, ಹಾಲಿನ ಪಾತ್ರೆ ನೆಲಕ್ಕೆ, ಅವಳು ಒದ್ದೆ ಗೋಣಿ ಎಸೆದು ಎಸೆದು ಆರಿಸುವಾಗ ಇವರು ಬಾಗಿಲಲ್ಲಿ ನಿಂತು ನೋಡುತ್ತಿದ್ದರು, ಹೆದರಿರಲಿಲ್ಲ, ಅವಳಿಗೆ ಹೆದರಿಕೆ ಹುಟ್ಟಿಸಿದ್ದೇ ಅದು, ಬೆಂಕಿಯ ಕಡೆ ಬೆರಳು ತೋರಿಸಿ ಇದು ಯಾರ ಮನೆ ಎಂದು ಕೇಳಿದರು. ತಮ್ಮ ಬಂದ, ಕೈಯ ಕಟ್ಟು ನೋಡಿದ, ಬೈಯಲಿಲ್ಲ, ಒಂದು ಗಂಟೆ ಗೋಡೆಯ ಮಸಿ ಉಜ್ಜಿದ, ಕೊನೆಗೆ ಬಕೆಟ್ಟು ಕೆಳಗಿಟ್ಟು ಅಕ್ಕಾ ಎಂದ, ನನಗೆ ಭಾವನೂ ಬೇಕು ನೀನೂ ಬೇಕು, ಇಬ್ಬರಲ್ಲಿ ಒಬ್ಬರು ಸಾಕು ಅಂತ ನಾನು ಹೇಗೆ ಹೇಳ್ಲಿ, ಆದ್ರೆ ಹೀಗೇ ಬಿಟ್ರೆ ಇಬ್ಬರೂ ಹೋಗ್ತೀರಿ, ಒಂದು ಹಾಸಿಗೆ ಖಾಲಿ ಇದೆಯಂತೆ, ಬುಧವಾರದೊಳಗೆ ಸೇರಿಸದಿದ್ರೆ ಬೇರೆಯವರಿಗೆ ಕೊಡ್ತಾರೆ. ಅವಳು ಆ ಹೊತ್ತಿಗೆ ಹುಚ್ಚಿಯ ಹಾಗೆ ಮಷೀನಿನ ಮಾತು ತೆಗೆದಳು, ಇನ್ನೊಂದೇ ಒಂದು ಸಲ ನೋಡೋಣ, ಸುಲಭದ್ದು ಒಂದು ಕೆಡಿಸಿ ಇಡ್ತೀನಿ, ಕಂಡುಹಿಡಿದ್ರೆ ತಲೆ ಇನ್ನೂ ಇದೆ ಅಂತ ತಾನೇ, ತಮ್ಮ ಅವಳ ಮುಖವನ್ನೇ ನೋಡಿದ, ತಲೆಯ ಪ್ರಶ್ನೆ ಅಲ್ಲಕ್ಕಾ ಅದು, ಬೆಂಕಿಯ ಪ್ರಶ್ನೆ ಎಂದು ಅವನು ಹೇಳಬಹುದಿತ್ತು, ಹೇಳದೆ ಹೂಂ ಎಂದ, ಅಕ್ಕನ ಸಮಾಧಾನಕ್ಕೆ. ಇವತ್ತು ಬುಧವಾರ.

ಬಂತು, ಪ್ಲಗ್ಗು ಬಂತು, ಕೊನೆಗೂ ಪಾನಾ ಕಚ್ಚಿಕೊಂಡಿತು, ಇವರು ಅದನ್ನು ಬೆರಳಲ್ಲಿ ಹಿಡಿದು ಬಾಗಿಲ ಬೆಳಕಿಗೆ ತಿರುಗಿಸುತ್ತಿದ್ದಾರೆ, ಕೂತಲ್ಲೇ ಮುಂದಕ್ಕೆ ಬಾಗಿದ್ದಾಳೆ ಅವಳು, ಮೂಗಿನ ಹತ್ತಿರ ತಂದರು, ಮೂಸಿದರು, ಹೆಬ್ಬೆರಳಿನಿಂದ ತುದಿ ಸವರಿದರು — ಒಣಗಿದೆ. ಒಣಗಿದೆ ಎಂದರು! ಹೌದು ರೀ, ಒಣಗಿದೆ, ಹೇಳಿ, ಒಣಗಿದ್ದರೆ ಏನು ಅರ್ಥ, ನೀವೇ ಎಷ್ಟು ಜನಕ್ಕೆ ಪಾಠ ಮಾಡಿದ್ದೀರಿ ಈ ಬಾಗಿಲಲ್ಲಿ ನಿಲ್ಲಿಸಿಕೊಂಡು, ಕಿಡಿ, ಪೆಟ್ರೋಲು, ಗಾಳಿ, ಮೂರೇ ಮೂರು ಸ್ವಾಮೀ, ನಾಲ್ಕನೇದು ಇಲ್ಲ, ಪ್ಲಗ್ಗು ಒದ್ದೆಯಾಗಿದ್ರೆ ಪೆಟ್ರೋಲ್ ಬಂದು ಕೂತಿದೆ, ಕಿಡಿ ಇಲ್ಲ, ಒಣಗಿದ್ರೆ ಪೆಟ್ರೋಲೇ ಬರ್ತಾ ಇಲ್ಲ, ಇನ್ನೇನು, ಒಂದು ಗೇಣು ದೂರ, ಪ್ಲಗ್ಗಿನಿಂದ ಟ್ಯಾಪಿಗೆ ಒಂದೇ ಗೇಣು, ಕೈ ಕೆಳಗೆ ಹೋದರೆ ಸಾಕು, ಅರ್ಧ ಸುತ್ತು, ಚೀಲದಿಂದ ಅಂಗಿ ಪ್ಯಾಂಟು ತೆಗೆದು ಮತ್ತೆ ಬೀರುವಿಗೆ ಇಟ್ಟುಬಿಡಬಹುದು, ದಾರ ಬಿಚ್ಚಬಹುದು, ಅಡುಗೆಮನೆಗೆ ಬೀಗ ಹಾಕಬಹುದು, ಪೆಟ್ರೋಲ್ ಡಬ್ಬಿಯನ್ನು ತಮ್ಮನ ಮನೆಯಲ್ಲಿ ಇಡಬಹುದು, ಇಷ್ಟು ವರ್ಷ ಆಯಿತು, ಇನ್ನಷ್ಟು ವರ್ಷ ಆಗದೇ, ಮಾಡಿದರಾಯಿತು. ಇವರು ಪ್ಲಗ್ಗನ್ನು ಅಂಗಿಗೆ ಒರೆಸಿ ಮತ್ತೆ ಇದ್ದಲ್ಲಿಗೇ ಕೂರಿಸಿದರು, ಬಿಗಿ ಮಾಡಿದರು, ಕೈ ಕಟ್ಟಿ ಕೂತರು.

ಒಂದೂಕಾಲು. ಮತ್ತೆ ಬಿಚ್ಚುತ್ತಿದ್ದಾರೆ. ಮತ್ತೆ ಬೆಳಕಿಗೆ, ಮತ್ತೆ ಮೂಗಿಗೆ, ಒಣಗಿದೆ, ಮತ್ತೆ ಒರೆಸಿ ಕೂರಿಸಿದರು, ಮೊದಲ ಸಲ ಕಂಡ ಹಾಗೆ ಹುಬ್ಬು ಏರಿಸಿದರು, ಅವಳಿಗೆ ತಡೆಯಲಾಗಲಿಲ್ಲ, ಮಾತು ಕೊಟ್ಟದ್ದು ಗಾಳಿಗೆ ಹೋಗಲಿ, ಪೆಟ್ರೋಲ್ ಇದೆಯಾ ರೀ ಎಂದು ಕೇಳಿಯೇಬಿಟ್ಟಳು, ಇವರು ಟ್ಯಾಂಕಿನ ಮುಚ್ಚಳ ತೆಗೆದು ಒಳಗೆ ಇಣುಕಿ ತುಂಬಿದೆ ಎಂದರು, ಎಂಥ ಪ್ರಶ್ನೆ ಕೇಳುತ್ತೀ ಎಂಬ ಹಳೆಯ ಧಾಟಿಯಲ್ಲೇ, ಮುಚ್ಚಳ ಹಾಕಿದರು, ಬರ್ತಾ ಇದೆಯಾ ಅದು ಕೆಳಗೆ, ಪಾನಾ ಮತ್ತೆ ಕೈಗೆ ಬಂತು, ಪ್ಲಗ್ಗು, ಬೆಳಕು, ಮೂಗು, ಹೆಬ್ಬೆರಳು, ಒಣಗಿದೆ. ನಾಲ್ಕು ಸಲ ಆಯಿತೋ ಐದೋ. ಊಟ ಮಾಡಿಸಿದಳು, ತಟ್ಟೆಯನ್ನು ಬೆಂಚಿನ ಮೇಲೇ ಇಟ್ಟು, ಇವರು ಕೈ ಒರೆಸಿಕೊಂಡು ಬಟ್ಟೆಯನ್ನು ಮಡಿಸಿ ಮೊಳೆಗೆ ತೂಗುಹಾಕಿದರು, ಅದು ಮರೆತಿಲ್ಲ ನೋಡು, ಬಟ್ಟೆಯ ಮೊಳೆ ಮರೆತಿಲ್ಲ, ಯಾವುದು ಉಳಿಯಬೇಕು ಯಾವುದು ಹೋಗಬೇಕು ಎಂದು ಒಳಗೆ ಕೂತು ಆರಿಸುವವನು ಯಾರು, ಅವನಿಗೆ ಕಣ್ಣಿದೆಯೇ, ಹೆಂಡತಿಯ ತವರಿನ ದಾರಿ ಹೋಯಿತು, ಸತ್ತ ಅಮ್ಮನ ಮುಖ ಹೋಯಿತು, ತಾನು ಮಾಡಿಸಿದ ಕನ್ನಡಕ ತನ್ನದೇ ಎಂಬುದು ಹೋಯಿತು, ಒರೆಸುವ ಬಟ್ಟೆಯ ಮೊಳೆ ಉಳಿಯಿತು. ಆ ಮೊಳೆಯ ಮೇಲೆ ಅವಳಿಗೆ ಹೊಟ್ಟೆಕಿಚ್ಚಾಯಿತು, ನಿಜಕ್ಕೂ.

ಎರಡು ಗಂಟೆ ದಾಟಿದೆ, ಬಿಸಿಲು ಬೆಂಚಿನ ಕಾಲಿನವರೆಗೆ ಬಂದಿದೆ, ಇವರು ಮಷೀನನ್ನು ನೆಲಕ್ಕೆ ಇಳಿಸಿಕೊಂಡು ಒಂದು ಮೊಣಕಾಲೂರಿ ಕೂತರು, ಹಗ್ಗದ ಹಿಡಿ ಹಿಡಿದು ಒಮ್ಮೆ ಎಳೆದರು, ಗರ್ರ್ ಎಂದು ಸುಮ್ಮನಾಯಿತು, ಪ್ಲಗ್ಗು ಬಿಚ್ಚಿ ನೋಡಿದರು, ಒಣಗಿದೆ, ಹಾಕಿದರು, ಬಲಗೈ ಹಗ್ಗದ ಹಿಡಿಯ ಮೇಲೆ, ಎಡಗೈಯ ಗೆಣ್ಣಿನಿಂದ ಟ್ಯಾಂಕಿನ ಮೇಲೆ ಎರಡು ಸಲ ತಟ್ಟಿದರು, ಟಕ್ ಟಕ್, ಆಮೇಲೆ ಹಾಗೇ ಕೂತರು. ಏನೂ ಮಾಡಲಿಲ್ಲ. ಹಗ್ಗ ಹಿಡಿದ ಕೈ, ಎದುರಿನ ಖಾಲಿ ನೆಲ, ಕಣ್ಣು ಆ ನೆಲದ ಮೇಲೆ, ಮರೆತರು ಎಂದುಕೊಂಡಳು, ಮುಂದೇನು ಎನ್ನುವುದು ಮರೆತು ಗೊಂಬೆಯ ಹಾಗೆ ಕೂತುಬಿಟ್ಟರು, ಇನ್ನು ಮುಗಿಯಿತು, ಎದ್ದು ಚೀಲಕ್ಕೆ ಸೋಪು ಬಾಚಣಿಗೆ ಹಾಕಬೇಕು, ಮತ್ತೆ ಟಕ್ ಟಕ್, ಯಾಕೆ ಹಾಗೆ ತಟ್ಟುತ್ತಾರೆ, ಟ್ಯಾಂಕು ತುಂಬಿದೆಯೋ ಇಲ್ಲವೋ ಎಂದು ನೋಡಲೋ, ಅಲ್ಲ, ಆಗಲೇ ಮುಚ್ಚಳ ತೆಗೆದು ನೋಡಿದ್ದಾರಲ್ಲ, ಮತ್ತೆ ಟಕ್ ಟಕ್, ಆ ಸದ್ದಿಗೆ ಅವಳ ಬಲಗೈ ಮಡಿಲಿನಲ್ಲಿ ತಾನಾಗಿ ಅಲುಗಾಡಿತು, ಹೆಬ್ಬೆರಳು ತೋರುಬೆರಳು ಕೂಡಿ ಏನನ್ನೋ ಹಿಡಿದು ಅರ್ಧ ಸುತ್ತು ತಿರುಗಿಸಿದ ಹಾಗೆ, ಕೈಗೆ ಮೊದಲು ಗೊತ್ತಾಯಿತು, ಆಮೇಲೆ ಅವಳಿಗೆ.

ಅಯ್ಯೋ, ಟ್ಯಾಪು ತನ್ನದು. ಈ ಮನೆಯಲ್ಲಿ ಟ್ಯಾಪು ತೆರೆಯುವವಳು ತಾನು. ಮದುವೆಯಾದ ಮೊದಲ ವರ್ಷ, ಶೆಡ್ಡಿಗೆ ಇನ್ನೂ ಒಂದು ಕಡೆ ಗೋಡೆಯೇ ಇರಲಿಲ್ಲ, ಬರುತ್ತಿದ್ದವೆಲ್ಲ ಸವೆದುಹೋದ ಹಳೆ ಮಷೀನುಗಳು, ಟ್ಯಾಪು ಮುಂಚೆ ತೆರೆದರೆ ಪೆಟ್ರೋಲು ನುಗ್ಗಿ ಎಂಜಿನ್ನು ಮುಳುಗಿಹೋಗುತ್ತಿತ್ತು, ತಡವಾಗಿ ತೆರೆದರೆ ಹಗ್ಗ ಎಳೆದದ್ದು ದಂಡ, ಎಳೆಯುವ ಕ್ಷಣಕ್ಕೆ ಸರಿಯಾಗಿ ತೆರೆಯಬೇಕು, ಒಬ್ಬನಿಗೆ ಎರಡು ಕೈ ಸಾಲದು, ಬಾ ಇಲ್ಲಿ ಎಂದು ಒಲೆಯ ಮುಂದಿನಿಂದ ಅವಳನ್ನು ಕರೆದು ಮಷೀನಿನ ಆಚೆ ಬದಿಗೆ ಕೂರಿಸಿದರು, ಎದುರುಬದುರು, ಗದ್ದಲದಲ್ಲಿ ಕೂಗಿದರೆ ಕೇಳಿಸುವುದಿಲ್ಲ, ನಾನು ಎರಡು ಸಲ ತಟ್ತೀನಿ, ನೀನು ತಿರುಗಿಸು, ನೀನು ತಿರುಗಿಸದೆ ನಾನು ಎಳೆಯೋದಿಲ್ಲ. ಎಳೆಯಲೂ ಇಲ್ಲ. ಅವಳು ತವರಿಗೆ ಹೋದರೆ ರಿಪೇರಿಯಾದ ಮಷೀನುಗಳು ಸಾಲಾಗಿ ಮೂಕವಾಗಿ ನಿಂತಿರುತ್ತಿದ್ದವು, ಗಿರಾಕಿಗಳು ಕೇಳಿದರೆ ಯಜಮಾನಿ ಬರಲಿ, ಬೀಗದ ಕೈ ಅವಳ ಹತ್ರ ಇದೆ, ತಮ್ಮ ಆಡಿಕೊಳ್ಳುತ್ತಿದ್ದ, ನಮ್ಮಕ್ಕನ ಓದು ಅರ್ಧ ಸುತ್ತಿನ ಓದು, ಅದಕ್ಕೇ ಭಾವ ಹೆದರೋದು, ಮಕ್ಕಳಾಗಲಿಲ್ಲ, ಅದಕ್ಕೂ ಇಬ್ಬರೂ ಒಂದು ದಿನ ಎಣ್ಣೆ ಕೈಯಲ್ಲೇ ಈ ನೆಲದ ಮೇಲೆ ಕೂತು ಅತ್ತು ಮುಗಿಸಿದ್ದರು, ಮರುದಿನ ಒಂಬತ್ತು ಗಂಟೆಗೆ ಟಕ್ ಟಕ್, ಅರ್ಧ ಸುತ್ತು, ಎಳೆದರು, ಓಡಿತು. ಆಟದ ದಿನಗಳಲ್ಲಿ ಟ್ಯಾಪು ತೆರೆದೇ ಇರುತ್ತಿತ್ತು, ಅವಳು ಇಲ್ಲಿ ಬಾಗಿಲಲ್ಲೇ ಕೂತು ನೋಡುತ್ತಿದ್ದಳು, ಪ್ಲಗ್ಗು ಒಣಗುತ್ತಲೂ ಇರಲಿಲ್ಲ, ತಟ್ಟುವ ಪ್ರಮೇಯವೂ ಬಂದಿರಲಿಲ್ಲ, ಹಾಗಾಗಿ ನೆನಪಾಗಲಿಲ್ಲ — ನೆನಪಾಗಲಿಲ್ಲವೇ, ಯಾರ ಕಣ್ಣಿಗೆ ಮಣ್ಣೆರಚುತ್ತೀ, ನಿನ್ನೆ ಆ ಟ್ಯಾಪನ್ನು ಮುಚ್ಚಿದ ಬೆರಳಿಗೆ ಗೊತ್ತಿರಲಿಲ್ಲವೇ, ಕೆಡಿಸಲು ಇಡೀ ಮಷೀನು ಇತ್ತು, ಟೊಪ್ಪಿ ಇತ್ತು, ಗಾಳಿ ಡಬ್ಬಿ ಇತ್ತು, ಸುಲಭದ್ದು ಸುಲಭದ್ದು ಎಂದು ಜಪ ಮಾಡುತ್ತ ಹೋದವಳು ಇವರು ಒಂದು ದಿನವೂ ಮುಟ್ಟದ ಆ ಒಂದನ್ನೇ ಆರಿಸಿ ಮುಚ್ಚಿ ಬಂದೆಯಲ್ಲ, ಸಾಕಾಗಿತ್ತು ಎಂದು ಬಾಯಿಬಿಟ್ಟು ಹೇಳಬಹುದಿತ್ತು, ಸುಸ್ತಾಗಿದೆ, ರಾತ್ರಿ ವಾಸನೆ ಬಂದ ಹಾಗಾಗಿ ಎದ್ದು ಎದ್ದು ಕೂರುತ್ತೇನೆ, ಕೈ ಇನ್ನೂ ಉರಿಯುತ್ತದೆ, ನನ್ನಿಂದಾಗುವುದಿಲ್ಲ ಎಂದು ತಮ್ಮನ ಮುಂದೆ ಅತ್ತಿದ್ದರೆ ಯಾರು ಬೇಡವೆನ್ನುತ್ತಿದ್ದರು, ಅದರ ಬದಲು ಇವರನ್ನು ಪರೀಕ್ಷೆಗೆ ಕೂರಿಸಿದೆ, ಫೇಲಾಗುವ ಪರೀಕ್ಷೆಗೆ.

ಆದರೆ ಇವರು ಫೇಲಾಗಿಲ್ಲ. ಅದೇ, ಅದೇ ಎದೆಗೆ ಹೊಡೆಯುತ್ತಿರುವುದು. ಎಳೆದರು, ಪ್ಲಗ್ಗು ನೋಡಿದರು, ಒಣಗಿದೆ ಎಂದರು, ಪೆಟ್ರೋಲು ಬರುತ್ತಿಲ್ಲ ಎಂದು ಕೈಗೆ ತಿಳಿಯಿತು, ಬೇಕಾದವಳನ್ನು ಕರೆದರು, ಕೂತು ಕಾಯುತ್ತಿದ್ದಾರೆ, ಇದರಲ್ಲಿ ತಪ್ಪು ಎಲ್ಲಿದೆ, ಕಿವಿ ಮೇಸ್ತ್ರಿ ಕೆಲಸ ಮುಗಿಸಿ ಆಗಿನಿಂದ ಅವಳಿಗಾಗಿ ಕಾಯುತ್ತಿದ್ದಾರೆ, ಕಾದು ಕಾದು ಯಾಕೆ ಕಾಯುತ್ತಿದ್ದೇನೆ ಎನ್ನುವುದು ಜಾರಿಹೋದಾಗ ಮತ್ತೆ ಮೊದಲಿನಿಂದ, ಪಾನಾ, ಪ್ಲಗ್ಗು, ಬೆಳಕು. ಅವಳು ಎದ್ದಳು, ಕಾಲು ಜೋಮು ಹಿಡಿದಿತ್ತು, ಹೋಗಿ ಮಷೀನಿನ ಆಚೆ ಬದಿಯಲ್ಲಿ ಕೂತಳು, ತನ್ನ ಜಾಗದಲ್ಲಿ, ನೆಲ ತಣ್ಣಗಿತ್ತು, ಇವರು ಅವಳನ್ನು ನೋಡಿ ನಗಲಿಲ್ಲ, ಬಂದೆಯಾ ಎನ್ನಲಿಲ್ಲ, ಹೆಸರು ಗೊತ್ತಿತ್ತೋ ಇಲ್ಲವೋ, ಸ್ವಲ್ಪ ಹಿಂದಕ್ಕೆ ಸರಿದು ಅವಳ ಮೊಣಕಾಲಿಗೆ ಜಾಗ ಮಾಡಿಕೊಟ್ಟರು, ಅಷ್ಟೆ, ಮತ್ತೆ ಹಗ್ಗದ ಹಿಡಿ ಹಿಡಿದರು. ಅವಳ ಬೆರಳು ಟ್ಯಾಪಿನ ಮೇಲಿದೆ. ಅರ್ಧ ಸುತ್ತು ತಿರುಗಿಸಿದರೆ ಓಡುತ್ತದೆ, ಖಂಡಿತ ಓಡುತ್ತದೆ, ತಮ್ಮ ಟೀ ಕುಡಿದು ವಾಪಸು ಹೋಗುತ್ತಾನೆ, ಹಾಸಿಗೆ ಬೇರೆಯವರಿಗೆ ಹೋಗುತ್ತದೆ, ನಾಳೆ ಬೆಳಗ್ಗೆ ಇವರು ಬಟ್ಟಲು ಹಿಡಿದು ಬರುತ್ತಾರೆ, ತೊಳೀಬೇಕು ಇದನ್ನ, ನಾಳೆಯಲ್ಲದಿದ್ದರೆ ನಾಡಿದ್ದು, ಅವಳು ನಿದ್ದೆಹೋಗುವ ಒಂದು ಗಳಿಗೆ ಸಾಕು ಆ ಬಟ್ಟಲಿಗೆ, ಅಡುಗೆಮನೆಗೆ ಬೀಗ ಹಾಕಿದರೆ ಬೀಗ ಬಿಚ್ಚಲು ಇವರಿಗೆ ಎಷ್ಟು ಹೊತ್ತು, ಮರೆಯದೆ ಉಳಿದದ್ದು ಬಿಚ್ಚುವ ವಿದ್ಯೆಯೊಂದೇ, ತಿರುಗಿಸದಿದ್ದರೆ — ತಿರುಗಿಸದಿದ್ದರೆ ಅಲ್ಲಿ ಟ್ಯಾಂಕು ಎಲ್ಲಿದೆ, ಅಲ್ಲಿ ಇವರು ಏನನ್ನು ತಟ್ಟುತ್ತಾರೆ, ಮಂಚದ ಕಬ್ಬಿಣವನ್ನೋ, ಊಟದ ಮೇಜನ್ನೋ, ಯಾರಿಗೆ ತಿಳಿಯುತ್ತದೆ, ಈ ಯಜಮಾನರಿಗೆ ಏನೋ ಬೇಕಂತೆ ನೋಡಿ ಎಂದು ನೀರು ತಂದುಕೊಡುತ್ತಾರೆ. ಟಕ್ ಟಕ್.

ಗೇಟು ಸದ್ದಾಯಿತು. ಕಾರಿನ ಬಾಗಿಲು, ಚಪ್ಪಲಿ, ಯಾವಾಗಲೂ ಹತ್ತು ನಿಮಿಷ ಮೊದಲೇ ಬರುವ ಹುಡುಗ, ಶಾಲೆಗೂ ಹಾಗೇ ಓಡುತ್ತಿದ್ದ, ಅವನ ನೆರಳು ಬಾಗಿಲಲ್ಲಿ ಬಿತ್ತು, ಒಳಗೆ ಬರಲಿಲ್ಲ, ಇಬ್ಬರೂ ಎದುರುಬದುರು ಕೂತದ್ದನ್ನು ನೋಡಿ ಕೆಮ್ಮಿದ, ಭಾವ, ಹೇಗಿದ್ದೀರಿ ಎಂದ, ಇವರು ತಲೆಯೆತ್ತಲಿಲ್ಲ, ಕೆಲಸದ ಹೊತ್ತಿನಲ್ಲಿ ಎಂದೂ ಎತ್ತಿದವರಲ್ಲ, ಟಕ್ ಟಕ್, ಅಕ್ಕಾ, ಸ್ಟಾರ್ಟ್ ಆಯ್ತಾ, ಆ ದನಿಯಲ್ಲಿ ಆಗಲಿ ಎಂಬ ಆಸೆಯೂ ಇತ್ತು, ಆಗದಿರಲಿ ಎಂಬ ಆಸೆಯೂ ಇತ್ತು, ಎರಡೂ ಅವಳಿಗೆ ಕೇಳಿಸಿದವು, ಬೆರಳ ಕೆಳಗೆ ಟ್ಯಾಪಿನ ಹಿತ್ತಾಳೆ ಬೆವರಿಗೆ ಜಾರುತ್ತಿದೆ, ತಿರುಗಿಸಿದರೆ ಸಾಕು, ತಿರುಗಿಸಲೂ ಬೇಡ, ಇಪ್ಪತ್ತೆಂಟು ವರ್ಷದ ಅಭ್ಯಾಸಕ್ಕೆ ಬಿಟ್ಟರೆ ಸಾಕು, ಕೈಯನ್ನು ತಡೆಹಿಡಿಯುವುದೇ ಕಷ್ಟ, ಸುಟ್ಟ ಚರ್ಮ ಬಿಗಿಯುತ್ತಿದೆ, ಟಕ್ ಟಕ್, ಅವಳು ತನ್ನ ಬೆರಳುಗಳನ್ನು ಒಂದೊಂದಾಗಿ ಟ್ಯಾಪಿನಿಂದ ಬಿಡಿಸಿಕೊಂಡಳು, ಮುಷ್ಟಿ ಕಟ್ಟಿ ಮಡಿಲಲ್ಲಿ ಇಟ್ಟುಕೊಂಡಳು, ಇಲ್ಲ ಕಣೋ ಎಂದಳು, ಆಗ್ಲಿಲ್ಲ, ಇವರ ಕೈಲಿ ಆಗ್ಲಿಲ್ಲ ಎಂದಳು, ಇವರ ಎದುರೇ ಹೇಳಿದಳು, ಇವರು ಕೇಳಿಸಿಕೊಂಡರೋ ಇಲ್ಲವೋ, ಮುಖದಲ್ಲಿ ಸಿಟ್ಟಿಲ್ಲ, ಅವಸರವಿಲ್ಲ, ಅವಳು ತಿರುಗಿಸುವುದಿಲ್ಲ ಎಂಬ ಅನುಮಾನದ ಎಳೆಯೂ ಇಲ್ಲ, ಬಲಗೈಯಲ್ಲಿ ಹಗ್ಗ ಬಿಗಿಯಾಗಿದೆ, ಎಡಗೈ ಮತ್ತೆ ಮೇಲೇಳುತ್ತಿದೆ, ಟಕ್ ಟಕ್, ಕಾಯುತ್ತಿದ್ದಾರೆ, ಟಕ್ ಟಕ್, ಹಗ್ಗ ಹಿಡಿದ ಕೈ, ಟಕ್ ಟಕ್, ಹಗ್ಗ ಹಿಡಿದ ಕೈ, ಇವರು ಅವಳ ಮುಖ ನೋಡುತ್ತಾ,